ಬಾಯಿಗಡ್ಡ ಸೆರಗು

ನನ್ನ ಮದುವೆ ಗಟ್ಟಿಯಾದದ್ದು ಒಂದು ತಪ್ಪು ತಿಳಿವಳಿಕೆಯಿಂದ. ಶಹಾಬಾದದಿಂದ ಸೇಡಮ್ಮಿಗೆ ಹೆಣ್ಣು ನೋಡಲು ಬಂದವರಲ್ಲಿ ಎಲ್ಲರಿಗಿಂತ ಮೊದಲು ಒಪ್ಪಿದವರು ಮುಂದೆ ನನ್ನ ಅತ್ತೆಯಾದ ಹೆಂಗಸು. ಬಣ್ಣ ನೋಡಿ ಅಲ್ಲ, ರೊಟ್ಟಿ ಬಡಿಯಲು ಬರುತ್ತದೆಯೇ ಎಂದು ಕೇಳಿಯೂ ಅಲ್ಲ. ನಾನು ಸೆರಗಿನ ಮೂಲೆಯನ್ನು ಬಾಯಿಗೆ ಅಡ್ಡ ಹಿಡಿದು ಮಾತಾಡಿದ್ದನ್ನು ನೋಡಿ.

"ಎಷ್ಟ್ ಮರ್ಯಾದಿ ನೋಡ್ರಿ ಹುಡುಗಿಗಿ! ಸಾಲಿ ಕಲ್ತಾಳ, ಆದ್ರೂ ಹಿರಿಯರ ಮುಂದ ಬಾಯಿ ತೆರದು ಮಾತಾಡಂಗಿಲ್ಲ," ಎಂದು ನಮ್ಮವ್ವನ ಮುಂದೆ ಬಾಯಿ ತುಂಬ ಹೊಗಳಿದರು. ಹಿರಿಯರ ಎದುರು ಸೆರಗಿನಿಂದ ಬಾಯಿ ಮುಚ್ಚಿ ಮಾತಾಡುವುದು ನಮ್ಮ ಕಡೆ ಹಳೆಯ ರೂಢಿ. ನನ್ನ ವಾರಿಗೆಯ ಹುಡುಗಿಯರು ಅದನ್ನು ಬಿಡುತ್ತಿದ್ದ ಕಾಲ ಅದು. ನಮ್ಮದಿನ್ನೂ ಮೈಸೂರು ರಾಜ್ಯ. ಅಂಥದರಲ್ಲಿ ನಾನು ಹಿಡಿದ ಸೆರಗು ಅವರ ಕಣ್ಣಿಗೆ ದೊಡ್ಡದಾಗಿ ಕಂಡಿತು. ಅವ್ವ ಮಾತ್ರ ನೆಲ ನೋಡುತ್ತ ಕೂತಿದ್ದಳು. ಅಂದು ಬೆಳಿಗ್ಗೆ ನನ್ನ ಕಿವಿಯಲ್ಲಿ ಹೇಳಿದವಳು ಅವಳೇ: "ಮಾತಾಡುವಾಗ ಸೆರಗು ಅಡ್ಡ ಹಿಡಿ. ನಾಚಿಗಿ ಅಂತ ತಿಳ್ಕೋತಾರ."

ನನಗೆ ನಾಚಿಕೆಯೂ ಇರಲಿಲ್ಲ, ಅವರು ತಿಳಿದಂಥ ಮರ್ಯಾದೆಯೂ ಇರಲಿಲ್ಲ. ನನ್ನ ಬಾಯಿ ನಾರುತ್ತಿತ್ತು.

ಈ ಮೂರು ಶಬ್ದಗಳನ್ನು ಹೀಗೆ ನೇರವಾಗಿ ಬರೆಯಲು ನನಗೆ ಮೊಮ್ಮಕ್ಕಳಾಗುವವರೆಗೆ ಕಾಯಬೇಕಾಯಿತು. ಕಾಲು ಮುರಿದರೆ ಊರಿಗೆಲ್ಲ ತೋರಿಸುತ್ತೇವೆ. ಜ್ವರ ಬಂದರೆ ಹಣೆ ಮುಟ್ಟಿ ನೋಡು ಎನ್ನುತ್ತೇವೆ. ಈ ಒಂದು ಕಾಯಿಲೆಯನ್ನು ಮಾತ್ರ ಇದ್ದವರೂ ಹೇಳುವುದಿಲ್ಲ, ಹತ್ತಿರ ಕೂತವರೂ ಹೇಳುವುದಿಲ್ಲ. ಸ್ವಲ್ಪ ದೂರ ಸರಿದು ಕೂಡುತ್ತಾರೆ, ಅಷ್ಟೇ. ಹೇಳದೆ ಸರಿಯುವ ಆ ಸೌಜನ್ಯದ ಮೇಲೆ ನನಗೆ ಈಗಲೂ ಸಿಟ್ಟಿದೆ.

ನನಗೆ ತಿಳಿದದ್ದೂ ಹಾಗೆಯೇ. ಏಳನೇ ಇಯತ್ತೆಯಲ್ಲಿ ನನ್ನ ಪಕ್ಕ ಕೂಡುತ್ತಿದ್ದ ಗೆಳತಿಯ ಗೋಣಿತಟ್ಟು ದಿನಕ್ಕೊಂದು ಗೇಣು ದೂರ ಹೋಗುತ್ತಿತ್ತು. ಒಂದು ದಿನ ಅವಳು ಸಾಲು ಬಿಟ್ಟು ಗೋಡೆಗೆ ಆತು ಕೂತಳು. ಮನೆಗೆ ಬಂದು ಅವ್ವನ ಮುಖದ ಮುಂದೆ ಬಾಯಿ ತೆರೆದು, "ನನ್ನ ಬಾಯಿ ವಾಸನಿ ಬರ್ತದೇನು?" ಎಂದು ಕೇಳಿದೆ. ಅವ್ವ ಇಲ್ಲ ಎನ್ನಲಿಲ್ಲ. "ಹೊಟ್ಟಿ ಕೆಟ್ಟದ" ಎಂದಳು.

ಅಲ್ಲಿಂದ ನನ್ನ ಪಾಪದ ಹೊಟ್ಟೆಗೆ ಶಿಕ್ಷೆ ಶುರುವಾಯಿತು. ಚಿತ್ತಾಪುರದ ಒಬ್ಬ ನಾಟಿ ವೈದ್ಯರಲ್ಲಿಗೆ ಕರೆದುಕೊಂಡು ಹೋದರು. ಅವರು ನಾಡಿ ಹಿಡಿದರು, ಕಣ್ಣು ನೋಡಿದರು, ಹೊಟ್ಟೆ ಒತ್ತಿದರು. ಬಾಯಿ ತೆಗೆ ಎಂದು ಮಾತ್ರ ಕೇಳಲಿಲ್ಲ. ಹೊಟ್ಟೆಯಲ್ಲಿ ಉಷ್ಣ ಎಂದು ಹೇಳಿ ಭೇದಿಗೆ ಪುಡಿ ಕೊಟ್ಟರು. ಎರಡು ದಿನ ಹಿತ್ತಿಲಿಗೂ ಮನೆಗೂ ಓಡಾಡಿ ಸುಸ್ತಾದೆ, ಮೂರನೆಯ ದಿನ ವಾಸನೆ ಇದ್ದಲ್ಲೇ ಇತ್ತು. ಆಮೇಲೆ ಸೋಮವಾರ ಒಪ್ಪತ್ತು, ಅದೂ ಸಾಲದೆ ಗುರುವಾರ ನಿಟ್ಟುಪವಾಸ. ನೀರು ಕೂಡ ಕುಡಿಯದೆ ಕೂತ ದಿನ ಬಾಯಿ ಒಣಗಿ ವಾಸನೆ ಇಮ್ಮಡಿಯಾಗುತ್ತಿತ್ತು. ಭಕ್ತಿ ಸಾಲದು ಎಂದುಕೊಂಡು ಇನ್ನೊಂದು ವಾರ ಹಿಡಿಯುತ್ತಿದ್ದೆ. ಚಿಂಚೋಳಿಯ ಕಡೆಯ ನಮ್ಮ ಸೋದರತ್ತೆ ಬರುವಾಗಲೆಲ್ಲ ಅಡವಿಯ ಜಾಲಿ ಕಡ್ಡಿಗಳ ಕಟ್ಟು ತರುತ್ತಿದ್ದಳು. ಹಲ್ಲು ಬೆಳ್ಳಗಾದವು. ಮಾತು ಕಡಿಮೆಯಾಯಿತು.

ಮದುವೆಯಾಗಿ ಶಹಾಬಾದಕ್ಕೆ ಬಂದೆ. ಮನೆಯಲ್ಲಿ ಮೂರೇ ಜನ: ಅತ್ತೆ, ಅವರ ಒಬ್ಬನೇ ಮಗ, ನಾನು. ಮಾವ ನಾನು ಬರುವ ಮೊದಲೇ ತೀರಿಕೊಂಡಿದ್ದರು. ನನ್ನ ಗಂಡ ನೆಲಕ್ಕೆ ಹಾಸುವ ಫರಸಿ ಕಲ್ಲು ಪಾಲಿಶ್ ಮಾಡುವ ಒಂದು ಕಾರ್ಖಾನೆಯಲ್ಲಿ ಕಲ್ಲು ಅಳೆದು ಗುರುತು ಹಾಕುವ ಕೆಲಸದಲ್ಲಿದ್ದರು. ಸಂಜೆ ಹುಬ್ಬಿನವರೆಗೂ ಬೂದುಬಣ್ಣದ ಧೂಳು ಹೊತ್ತು ಮನೆಗೆ ಬರುತ್ತಿದ್ದರು.

ಅತ್ತೆ ನನ್ನನ್ನು ಮೊದಲ ದಿನವೇ ಹಚ್ಚಿಕೊಂಡರು. ಬೆಳಿಗ್ಗೆ ಎದ್ದೊಡನೆ ಅಂಗಳದ ಕಟ್ಟೆಗೆ ಕರೆದು, ತಮ್ಮ ಹಿತ್ತಾಳೆ ಡಬ್ಬಿಯ ಮುಚ್ಚಳದಲ್ಲಿ ಒಂದು ಚಿಟಿಕೆ ಮಿಸ್ರಿ ಹಾಕಿ ಕೊಟ್ಟರು. ಹಂಚಿನ ಮೇಲೆ ತಂಬಾಕನ್ನು ಕರ್ರಗೆ ಹುರಿದು ಪುಡಿ ಮಾಡಿದ್ದೇ ಮಿಸ್ರಿ. ಹೆಂಗಸರು ಅದರಿಂದ ಹಲ್ಲು, ಒಸಡು ತಿಕ್ಕುತ್ತಾರೆ. "ತಿಕ್ಕು ಯವ್ವಾ, ಹಲ್ಲಿನ್ಯಾಗ ಹುಳಾ ಇದ್ರ ಸಾಯ್ತಾವ," ಎಂದರು. ತಲೆ ಗಿರ್ರೆಂದು ತಿರುಗಿತು, ಒಸಡು ಮರಗಟ್ಟಿತು. ಇದೇ ಮದ್ದು ಎನ್ನಿಸಿ ಬಿಡದೆ ಹಿಡಿದೆ. ಆ ಕಟ್ಟೆಯ ಮೇಲೆ ಒಂದೇ ಡಬ್ಬಿಗೆ ಬೆರಳು ಅದ್ದುತ್ತ ಅತ್ತೆ ತಮ್ಮ ಬಾಣಂತನ, ಮಾವನ ಸಿಟ್ಟು, ಓಣಿಯವರ ಜಗಳ ಎಲ್ಲ ಹೇಳುತ್ತಿದ್ದರು. ದಿನದಲ್ಲಿ ನಾನು ನಿಶ್ಚಿಂತಳಾಗಿ ಅವರ ಪಕ್ಕ ಕೂಡುತ್ತಿದ್ದ ಹೊತ್ತು ಅದೊಂದೇ, ಯಾಕೆಂದರೆ ಆಗ ಎಲ್ಲ ಬಾಯಿಗಳೂ ತಂಬಾಕು ನಾರುತ್ತಿದ್ದವು.

ಮಿಕ್ಕ ಹೊತ್ತೆಲ್ಲ ಸೆರಗು. ಒಂದು ಕೈ ಸದಾ ಬಾಯಿಯ ಹತ್ತಿರ. ಒಂದೇ ಕೈಯಲ್ಲಿ ಬಡಿಸುವುದು, ಒಂದೇ ಕೈಯಲ್ಲಿ ಕೊಡ ಎತ್ತುವುದು ಕಲಿತೆ. ಆ ಮೂಲೆಯನ್ನು ದಿನಕ್ಕೆರಡು ಸಲ ಸಬಕಾರ ಹಚ್ಚಿ ಒಗೆಯುತ್ತಿದ್ದೆ, ಹೀಗಾಗಿ ನನ್ನ ಎಲ್ಲ ಸೀರೆಗಳೂ ಅಲ್ಲಿಯೇ ಮೊದಲು ಬಣ್ಣ ಬಿಡುತ್ತಿದ್ದವು. ಅತ್ತೆ ಅಂಗಡಿಯವನನ್ನು ಬೈಯುತ್ತಿದ್ದರು. ಓಣಿಯ ಸೊಸೆಯರಿಗೆಲ್ಲ ನನ್ನನ್ನು ತೋರಿಸಿ, "ನೋಡಿ ಕಲೀರಿ. ನಮ್ಮಕಿ ನನ್ನ ಮುಂದ ಒಂದ್ ದಿನಾ ಬಾಯಿ ಬಿಟ್ಟಿಲ್ಲ," ಎಂದು ಹೇಳುವರು. ಆ ಸೊಸೆಯರು ನನ್ನನ್ನು ನೋಡುತ್ತಿದ್ದ ನೋಟ ನೆನೆದರೆ ಈಗ ನಗು ಬರುತ್ತದೆ. ಆಗ ಕಳ್ಳಿಯಂತೆ ಕುಗ್ಗಿ ಹೋಗುತ್ತಿದ್ದೆ. ಇಷ್ಟು ಪ್ರೀತಿ ಮಾಡುವವರಿಗೆ ಮೋಸ ಮಾಡಿ ಈ ಮನೆ ಹೊಕ್ಕಿದ್ದೇನೆ, ಸೆರಗು ಜಾರಿದ ದಿನ ಎಲ್ಲ ಬಯಲಾಗುತ್ತದೆ ಎಂಬ ಅಂಜಿಕೆ.

ಅತ್ತೆಗೆ ಇನ್ನೊಂದು ಚಟವೂ ಇತ್ತು, ತಪಕೀರು. ನಶ್ಯದ ಪುಟ್ಟ ಡಬ್ಬಿ ಸೊಂಟದಲ್ಲಿ ಸದಾ ಇರುತ್ತಿತ್ತು. ಒಲೆಯ ಮುಂದೆ ಅವರೇ ಕೂತಿದ್ದರೂ ನಾನಿಟ್ಟು ಮರೆತ ಹಾಲು ತಳ ಹತ್ತಿ, ವಾಸನೆ ಓಣಿಯ ತುದಿ ಮುಟ್ಟಿದ ಮೇಲೆ ನಾನು ಹೊರಗಿನಿಂದ ಓಡಿಬರಬೇಕಾಗುತ್ತಿತ್ತು. ಸೊಸೆಯನ್ನು ಬೈಯಬಾರದೆಂದು ಸುಮ್ಮನಿರುತ್ತಾರೆ, ಎಷ್ಟು ದೊಡ್ಡ ಮನಸ್ಸು ಎಂದುಕೊಳ್ಳುತ್ತಿದ್ದೆ.

ಗಂಡನಿಗೆ ಮಾತ್ರ ಗೊತ್ತಾಗದೆ ಇರುತ್ತದೆಯೇ? ಅವರು ಒಂದು ದಿನವೂ ಹೇಳಲಿಲ್ಲ. ಆದರೆ ವಾರಕ್ಕೊಮ್ಮೆ ಸಂತೆಯಿಂದ ಬರುವಾಗ ಒಂದು ಸಣ್ಣ ಪೊಟ್ಟಣ ಯಾಲಕ್ಕಿ ತರುತ್ತಿದ್ದರು. ಮೊದಲು ತಾವೊಂದು ಬಾಯಿಗೆ ಹಾಕಿಕೊಂಡು, "ಈ ಧೂಳಿಗಿ ನನ್ನ ಬಾಯಿ ಭಾಳ ಕೆಡ್ತದ. ನೀನೂ ಒಂದ್ ತಗೋ," ಎನ್ನುವರು. ಆ ಮನುಷ್ಯ ನನಗಾಗಿ ತಮ್ಮ ಬಾಯಿಯ ಮೇಲೆ ತಪ್ಪು ಹೊರಿಸಿಕೊಳ್ಳುತ್ತಿದ್ದರು. ಅದು ತಿಳಿದಿದ್ದರಿಂದಲೇ ಯಾಲಕ್ಕಿ ಜಗಿಯುವಾಗ ನನಗೆ ಅಳು ಬರುತ್ತಿತ್ತು.

ಮದುವೆಯಾಗಿ ಏಳೆಂಟು ವರ್ಷಕ್ಕೆ ಮಗಳು ಹುಟ್ಟಿದಳು. ರಾಜ್ಯದ ಹೆಸರು ಕರ್ನಾಟಕವಾಗಿತ್ತು. ಆದರೆ ನನ್ನ ಬಾಯಿ ಹಳೆಯದೇ. ಕೂಸಿನ ಮುಖಕ್ಕೆ ಮುಖ ತರಲು ನನಗೆ ಧೈರ್ಯವಾಗಲಿಲ್ಲ. ಮೊಲೆ ಕುಡಿಸುವಾಗ ಗೋಡೆಯ ಕಡೆ ತಿರುಗಿ ಉಸಿರು ಬಿಡುತ್ತಿದ್ದೆ. ಜೋಗುಳ ಅತ್ತೆಯೇ ಹಾಡಿದರು. ಮುತ್ತು ಕೊಡದೆ ಇರಲಾರದಾದಾಗ ಅವಳ ಪಾದ ಎತ್ತಿ ಅಂಗಾಲಿಗೆ ಮುತ್ತು ಕೊಡುತ್ತಿದ್ದೆ. ಅವಳು ಕಿಲಕಿಲ ನಗುತ್ತಿದ್ದಳು. ಮುಂದೆ ಇದೇ ರೂಢಿಯಾಯಿತು. ಅವಳ ಆಯಿ, ಅಂದರೆ ನನ್ನ ಅತ್ತೆ, ಕರೆದರೆ ಕೆನ್ನೆ ಕೊಡುವಳು, ಅಪ್ಪ ಕರೆದರೂ ಕೆನ್ನೆ. ನಾನು "ಒಂದ್ ಮುತ್ತು" ಎಂದರೆ ಕೂತಲ್ಲೇ ಕಾಲು ಎತ್ತುವಳು. ಎಲ್ಲರಿಗೂ ಅದೊಂದು ಆಟವಾಗಿ ಕಂಡಿತ್ತು.

ಅವಳಿಗೆ ಮೂರು ತುಂಬುವ ಸುಮಾರು. ಒಂದು ಮಧ್ಯಾಹ್ನ ನೆರೆಮನೆಯ ಹೆಂಗಸು ಬಂದು ಅತ್ತೆಯ ಜೊತೆ ಕೂತಿದ್ದಳು. "ಏನ್ ಉಂಡಿ ಕೂಸೇ?" ಎಂದು ಕೇಳಿದಳು. ಮಗಳು ತನ್ನ ಫ್ರಾಕಿನ ಅಂಚನ್ನು ಎರಡೂ ಕೈಯಲ್ಲಿ ಎತ್ತಿ ಬಾಯಿಗೆ ಅಡ್ಡ ಹಿಡಿದು, ಹೊಟ್ಟೆ ಬಯಲಾಗಿ ನಿಂತು, ಬಟ್ಟೆಯೊಳಗಿಂದ, "ಬ್ಯಾಳಿ ಅನ್ನ," ಎಂದಳು.

ಅತ್ತೆ ತೊಡೆ ತಟ್ಟಿ ನಕ್ಕರು. "ಅವ್ವನ ಮರ್ಯಾದಿ ಮಗಳಿಗಿ ಬಂದದ ನೋಡ್ರಿ!" ನೆರೆಯವಳೂ ನಕ್ಕಳು, ನಾನೂ ಸೆರಗಿನೊಳಗೆ ನಕ್ಕೆ. ಆಮೇಲೆ ಹಿತ್ತಿಲಿಗೆ ಹೋಗಿ ಕೊಡದ ಮರೆಯಲ್ಲಿ ಕೂತು ಕಣ್ಣೀರು ಹಾಕಿದೆ. ಮಾತು ಎಂದರೆ ಬಾಯಿ ಮುಚ್ಚಿಕೊಂಡು ಆಡುವುದು ಎಂದು ನನ್ನ ಕೂಸು ತಿಳಿದುಕೊಂಡಿತ್ತು. ನಾನೇ ಕಲಿಸಿದ್ದೆ. ನನ್ನ ಹಣೆಬರಹ ನನಗಿರಲಿ, ಇವಳು ಆ ಬಟ್ಟೆಯ ಹಿಂದೆ ಬೆಳೆಯಬಾರದು. ಅಷ್ಟು ಮಾತ್ರ ನನಗೆ ಖಚಿತವಾಯಿತು.

ಅಂದು ಸಂಜೆ ಗಂಡನಿಗೆ, "ಹಲ್ಲ್ ನೋಯ್ಲಿಕತ್ತದ. ಯಾರಿಗರೆ ತೋರಸ್ಬೇಕು," ಎಂದು ಸುಳ್ಳು ಹೇಳಿದೆ. ಅವರು ಮುಖ ತೊಳೆಯುತ್ತಿದ್ದವರು ಹಾಗೆಯೇ ನಿಂತರು. "ವಾಡಿಗಿ ಪ್ರತಿ ಗುರುವಾರ ಒಬ್ಬ ಹಲ್ಲಿನ ಡಾಕ್ಟರ್ ಬರ್ತಾರ. ಸ್ಟೇಷನ್ ಹಿಂದಿನ ಓಣ್ಯಾಗ, ಹಿಟ್ಟಿನ ಗಿರಣಿ ಬಾಜೂಕ. ಹತ್ತರಿಂದ ಎರಡರ ತನಕ ಇರ್ತಾರ," ಎಂದರು. ವಾರ, ಓಣಿ, ವೇಳೆ ಎಲ್ಲ ಬಾಯಿಪಾಠ. ಎಷ್ಟು ವರ್ಷದ ಹಿಂದೆ ವಿಚಾರಿಸಿ ಇಟ್ಟುಕೊಂಡಿದ್ದರೋ, ಹೇಳಲಾರದೆ ಎಷ್ಟು ಗುರುವಾರ ಕಳೆದಿದ್ದರೋ, ನಾನು ಕೇಳಲಿಲ್ಲ.

ಗುರುವಾರ ಪ್ಯಾಸೆಂಜರ್ ಗಾಡಿ ಹಿಡಿದು ವಾಡಿಗೆ ಹೋದೆವು. ತವರಿಗೆ ಹೋಗುವಾಗಲೆಲ್ಲ ಗಾಡಿ ಬದಲಿಸುತ್ತಿದ್ದ ಊರು ಅದು. ಸ್ಟೇಷನ್ನಿನ ಹೊರಗೆ ಕಾಲಿಟ್ಟದ್ದು ಅಂದೇ ಮೊದಲು. ಗಂಡ ಹೊರಗಿನ ಬಾಕಿನ ಮೇಲೆ ಕೂತರು. ನಾನು ಒಳಗೆ ಹೋಗಿ ಹಿಂದಕ್ಕೆ ಬಾಗುವ ಕುರ್ಚಿಯಲ್ಲಿ ಸೆರಗು ಹಿಡಿದೇ ಕೂತೆ. ಡಾಕ್ಟರು ಐವತ್ತು ದಾಟಿದವರು, ದಪ್ಪ ಕನ್ನಡಕ.

"ಎಲ್ಲಿ ನೋಯ್ತದರಿ?"

ನಾನು ಸೆರಗನ್ನು ಇನ್ನೂ ಬಿಗಿಯಾಗಿ ಹಿಡಿದೆ.

"ಸೆರಗು ತೆಗೀರಿ ತಾಯಿ. ಅದರ ಮ್ಯಾಲಿಂದ ಹ್ಯಾಂಗ ನೋಡ್ಲಿ?"

"ನೋವಿಲ್ರಿ," ಎಂದೆ. "ವಾಸನಿ ಬರ್ತದ." ಅವ್ವನ ಹೊರತು ಇನ್ನೊಬ್ಬರ ಮುಂದೆ ಮೊದಲ ಸಲ ನಾನು ಬಾಯಿ ಬಿಟ್ಟದ್ದು ಹೀಗೆ, ಎರಡೂ ಅರ್ಥದಲ್ಲಿ.

ಅವರು ಮುಖ ತಿರುಗಿಸಲಿಲ್ಲ. ದೀಪ ಹತ್ತಿರ ಎಳೆದು, ಸಣ್ಣ ಕನ್ನಡಿ ಹಾಕಿ, ಬಾವಿಯಲ್ಲಿ ಬಿದ್ದ ಕೊಡ ಹುಡುಕುವವರ ಹಾಗೆ ಬಹಳ ಹೊತ್ತು ನೋಡಿದರು. ಬಲಗಡೆಯ ಒಂದು ದವಡೆ ಹಲ್ಲನ್ನು ಕುಟುಕಿ, "ಇದು ಸಣ್ಣಾಕಿ ಇದ್ದಾಗ ನೋಯ್ತಿತ್ತೇನು?" ಎಂದರು. ಹೌದು, ಐದನೇ ಇಯತ್ತೆಯಲ್ಲಿ. ಅವ್ವ ಲವಂಗ ಇಟ್ಟಿದ್ದಳು. ಕೆಲವು ದಿನಕ್ಕೆ ನೋವು ಹೋಗಿತ್ತು, ನಾವು ಮರೆತಿದ್ದೆವು.

"ನೋವು ಹೋತು ಅಂದ್ರ ಆರಾಮಾತು ಅಂತಲ್ಲ. ಹಲ್ಲು ಸತ್ತದ, ಒಳಗ ಟೊಳ್ಳದ. ಉಂಡದ್ದು ಅದರಾಗ ಕೂತು ಕೊಳೀಲಿಕತ್ತದ. ಒಸಡಿನ ಕೆಳಗ ಕಲ್ಲಿನಂಗ ಕಿಟ್ಟ ಕಟ್ಟ್ಯದ, ಅಲ್ಲಿ ಕೀವು. ನಾಲಿಗಿ ಹಿಂದ ನೋಡ್ರಿ, ಬೆಳ್ಳಗ ಪದರಾ." ನಾನು ಹೊಟ್ಟೆಯ ಕಥೆ, ಭೇದಿಯ ಪುಡಿ, ಉಪವಾಸ ಎಲ್ಲ ಹೇಳಿದೆ. ಅವರು ನಕ್ಕು, "ಹೊಟ್ಟಿದೇನು ತಪ್ಪಿಲ್ಲ. ಅಪರೂಪಕ್ಕ ಮೂಗು, ಗಂಟಲು, ಹೊಟ್ಟಿಯಿಂದಾನೂ ಬರ್ತದ. ಆದ್ರ ಭಾಳ ಮಂದಿಗಿ ವಾಸನಿ ಬರೋದು ಬಾಯಿಂದೇ. ನೀರು ಕುಡೀದೆ ಕೂತ್ರ ಬಾಯಿ ಒಣಗಿ ಮತ್ತ ಹೆಚ್ಚಾಗ್ತದ. ಮಿಸ್ರಿ ತಿಕ್ತೀರೇನು?" ಎಂದರು. ತಲೆಯಾಡಿಸಿದೆ. "ಇವತ್ತೇ ಬಿಡ್ರಿ. ಒಸಡು ತಿಂತದ, ಬಾಯಾಗ ಹುಣ್ಣು ಮಾಡಿ ಜೀವಾನೇ ತಗೋತದ."

ನಾಲ್ಕು ಗುರುವಾರ ಹೋದೆ. ಮೊದಲ ಮೂರು ವಾರ ಸಣ್ಣ ಕೊಕ್ಕೆಯಂಥ ಉಪಕರಣದಿಂದ ಒಸಡಿನ ಅಡಿಯ ಕಿಟ್ಟವನ್ನು ಕೆರೆದು ತೆಗೆದರು. ಅದು ಕುರ್ಚಿಯ ಬದಿಯ ಬಟ್ಟಲಿಗೆ ಬೀಳುವಾಗ ಟಣ್ ಎನ್ನುತ್ತಿತ್ತು. ನಮ್ಮವರು ಶಹಾಬಾದದಲ್ಲಿ ಕಲ್ಲು ಅಳೆಯುತ್ತಾರೆ, ನನ್ನ ಬಾಯಲ್ಲೇ ಒಂದು ಖಣಿ ಇದೆ ಎನ್ನಿಸಿ ನೋವಿನಲ್ಲೂ ನಗು ಬಂತು. ನಾಲ್ಕನೆಯ ವಾರ ಸೂಜಿ ಚುಚ್ಚಿ ಮರಗಟ್ಟಿಸಿ ಆ ಹಲ್ಲು ಕಿತ್ತರು. ಮಾರನೆಯ ದಿನದಿಂದ ಉಗುರುಬೆಚ್ಚನೆ ಉಪ್ಪುನೀರು ಮುಕ್ಕಳಿಸು, ಎರಡು ಹೊತ್ತು ಮೆತ್ತಗಿನ ಬ್ರಶ್ಶಿನಿಂದ ತಿಕ್ಕು, ನಾಲಿಗೆಯನ್ನು ಹಿಂದಿನ ತನಕ ಕೆರೆ, ನೀರು ಚೆನ್ನಾಗಿ ಕುಡಿ ಎಂದರು. ಇಷ್ಟೇ ಮದ್ದು. ಇಪ್ಪತ್ತು ವರ್ಷದ ಮೌನಕ್ಕೆ ಇಷ್ಟೇ ಮದ್ದು ಸಾಕಾಗಿತ್ತು ಎಂಬುದನ್ನು ನನಗೆ ಇಂದಿಗೂ ಅರಗಿಸಿಕೊಳ್ಳಲು ಆಗಿಲ್ಲ.

ವಾಸನೆ ಹೋಯಿತೋ ಇಲ್ಲವೋ ತಿಳಿಯುವ ಉಪಾಯವನ್ನೂ ಡಾಕ್ಟರೇ ಹೇಳಿದ್ದರು. ಮಣಿಕಟ್ಟು ನೆಕ್ಕಿ, ಒಣಗಲು ಬಿಟ್ಟು, ಮೂಸಿ ನೋಡುವುದು. ಅಡುಗೆಮನೆಯಲ್ಲಿ, ಹಿತ್ತಿಲಲ್ಲಿ, ಬಾವಿಯ ಹತ್ತಿರ ಬೆಕ್ಕಿನಂತೆ ಕೈ ನೆಕ್ಕುತ್ತ ತಿರುಗಿದೆ. ದಿನೇದಿನೇ ಕಡಿಮೆಯಾಗಿ, ಒಂದು ದಿನ ಬರೀ ಕೈಯ ವಾಸನೆ ಬಂತು. ಆದರೂ ನನ್ನ ಮೂಗನ್ನು ನಾನೇ ನಂಬಲಿಲ್ಲ. ಮಗಳ ಕೆನ್ನೆಯ ಹತ್ತಿರ ಹೋಗಿ ಹಿಂದೆ ಸರಿಯುತ್ತಿದ್ದೆ. ಮಗಳ ಫ್ರಾಕು ಇಳಿಯಬೇಕಾದರೆ ಮೊದಲು ನನ್ನ ಸೆರಗು ಇಳಿಯಬೇಕು ಎಂದು ಹಲ್ಲು ಕಚ್ಚಿ ಕೈ ಕೆಳಗಿಟ್ಟೆ. ಮಿಸ್ರಿಯ ಕಟ್ಟೆಗೂ ಹೋಗಲಿಲ್ಲ.

ಇಲ್ಲಿ ನಾನು ಎಣಿಸಿರದ ತಾಪತ್ರಯ ಬಂತು. ಅತ್ತೆ ಮಾತು ಬಿಟ್ಟರು. ಮೊದಲ ದಿನ ಮಿಸ್ರಿಯ ಮುಚ್ಚಳ ಹಿಡಿದು ಕರೆದರು, "ಒಲ್ಲೆ ಅತ್ತಿ," ಎಂದೆ, ಅದೂ ಬರಿಬಾಯಿಂದ. ಅವರ ಮುಖ ಗಂಟಾಯಿತು. ಮರುದಿನ ತಟ್ಟೆ ತಾವೇ ಹಾಕಿಕೊಂಡರು. ಮೂರನೆಯ ದಿನ ಗೋಡೆಯಾಚೆಯ ನೆರೆಯವಳಿಗೆ ಹೇಳುತ್ತಿದ್ದುದು ನನಗೆ ಕೇಳಲೆಂದೇ ಕೇಳಿಸಿತು: "ವಾಡಿಗಿ ಹೋಗಿ ಬಂದಾಗಿಂದ ನಮ್ಮಕಿ ಗಾಳೀನೇ ಬ್ಯಾರೆ ಆಗ್ಯದ. ಸೆರಗು ಕೆಳಗ ಬಿತ್ತು. ನನ್ನ ಮರ್ಯಾದಿ ಮುಗೀತು ಬಿಡವ್ವ." ಧ್ವನಿಯಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದರೆ ತಡೆದುಕೊಳ್ಳುತ್ತಿದ್ದೆ.

ಅಂದು ಮಧ್ಯಾಹ್ನ ಅವರು ಪಡಸಾಲೆಯಲ್ಲಿ ಮೊರ ಹಿಡಿದು ತೊಗರಿ ಬೇಳೆ ಹಸನು ಮಾಡುತ್ತ ಕೂತಿದ್ದರು. ಎದುರಿಗೆ ಕೂತೆ. ಕೈ ತಾನಾಗಿಯೇ ಸೆರಗಿಗೆ ಹೋಯಿತು, ಕೆಳಗಿಳಿಸಿದೆ. ಏಳನೇ ಇಯತ್ತೆಯ ಗೋಣಿತಟ್ಟಿನಿಂದ ಹಿಡಿದು, ಹೆಣ್ಣು ನೋಡಲು ಬಂದ ದಿನ ಅವ್ವ ಕಿವಿಯಲ್ಲಿ ಹೇಳಿದ್ದು, ವಾಡಿಯ ಕುರ್ಚಿ, ಎಲ್ಲ ಹೇಳಿದೆ. ಅವರ ಕೈ ಮೊರದಲ್ಲಿ ನಿಂತುಹೋಗಿತ್ತು.

"ಅಂದ್ರ," ಎಂದರು, "ಅದು ನನ್ನ ಸಲುವಾಗಿ ಅಲ್ಲ?"

ಮೋಸ ಮಾಡಿದಿ ಎನ್ನುತ್ತಾರೆಂದು ಅಂಜಿದ್ದೆ. ಇದಕ್ಕೆ ಉತ್ತರ ಸುಲಭವಿತ್ತು. "ನಿಮ್ಮ ಸಲುವಾಗಿನೇ ಅತ್ತಿ. ನಿಮಗ ವಾಸನಿ ಬಡೀಬಾರದು ಅಂತ."

ಅವರು ನನ್ನನ್ನು ನೋಡಿದರು. ಆಮೇಲೆ ಮೊರ ಪಕ್ಕಕ್ಕಿಟ್ಟು ನಗತೊಡಗಿದರು, ಕಣ್ಣಲ್ಲಿ ನೀರು ಬರುವ ಹಾಗೆ. "ಹುಚ್ಚಿ! ನನಗೆಲ್ಲಿ ವಾಸನಿ ಬರ್ತದ? ತಪಕೀರು ಏರಿಸಿ ಏರಿಸಿ ಈ ಮೂಗು ಇದ್ರೂ ಅಷ್ಟೇ, ಇಲ್ದಿದ್ರೂ ಅಷ್ಟೇ. ನಿಮ್ಮ ಮಾವ ಇರೋ ಕಾಲಕ್ಕೇ ಸತ್ತದ ಇದು. ಹಾಲು ಹೊತ್ತಿದ್ದು ಎಂದಾದ್ರೂ ನನಗ ಗೊತ್ತಾಗ್ಯದೇನು?"

ಇಷ್ಟು ವರ್ಷ ನಾನು ಯಾರಿಗೆ ಅಂಜಿ ಬಾಯಿ ಮುಚ್ಚಿಕೊಂಡಿದ್ದೆನೋ ಅವರಿಗೆ ಮೂಗೇ ಇರಲಿಲ್ಲ. ಅತ್ತೆ ಕಣ್ಣೊರೆಸಿಕೊಂಡು, "ಬಾ ಇಲ್ಲಿ," ಎಂದರು. ಹತ್ತಿರ ಸರಿದೆ. ನನ್ನ ಗಲ್ಲ ಹಿಡಿದು ಮುಖದ ಹತ್ತಿರ ಮುಖ ತಂದು, "ಊದು," ಎಂದರು. ಊದಿದೆ. ಅವರು ಕಣ್ಣು ಮುಚ್ಚಿ, ಆ ಸತ್ತ ಮೂಗಿನಿಂದ ಉದ್ದಕ್ಕೆ ಉಸಿರೆಳೆದುಕೊಂಡರು.

"ಏನೂ ಇಲ್ಲ," ಎಂದು ಗಂಭೀರವಾಗಿ ಹೇಳಿದರು. "ಸ್ವಚ್ಛ ಅದ ಯವ್ವಾ."

ಆ ಪರೀಕ್ಷೆಗೆ ಮೂರು ಕಾಸಿನ ಬೆಲೆಯಿಲ್ಲ ಎಂದು ಇಬ್ಬರಿಗೂ ಗೊತ್ತಿತ್ತು. ಆದರೆ ಮಣಿಕಟ್ಟು ನೆಕ್ಕಿ ನೆಕ್ಕಿ ನಂಬದವಳು ಅದನ್ನು ನಂಬಿದೆ. ನನ್ನ ಬಾಯಿಯ ಇಷ್ಟು ಹತ್ತಿರಕ್ಕೆ ಬೇಕೆಂದೇ ಬಂದು ಉಸಿರೆಳೆದವರು ಬೇರೆ ಯಾರೂ ಇರಲಿಲ್ಲ. ಅವರ ತೊಡೆಯ ಮೇಲೆ ತಲೆಯಿಟ್ಟು ಅತ್ತುಬಿಟ್ಟೆ.

ಅಂಗಳದಲ್ಲಿ ಆಡುತ್ತಿದ್ದ ಮಗಳು ಓಡಿಬಂದಳು. ಅವ್ವ ಅಳುತ್ತಿದ್ದಾಳೆ, ಸಮಾಧಾನ ಮಾಡಬೇಕು ಎಂದು ಅವಳಿಗೆ ತೋಚಿರಬೇಕು. ಎದುರಿಗೆ ಕೂತು ಮಣ್ಣು ಮೆತ್ತಿದ ಕಾಲು ಎತ್ತಿ ನನ್ನ ಮುಖದ ಹತ್ತಿರ ಹಿಡಿದಳು.

"ಇದ್ಯಾಕ ಯಾವಾಗ್ಲೂ ನಿನಗ ಕಾಲು ಕೊಡ್ತದ?" ಎಂದು ನಗುತ್ತ ಕೇಳಿದ ಅತ್ತೆಗೆ, ಕೇಳುತ್ತಿರುವಾಗಲೇ ಕಾರಣ ಹೊಳೆಯಿತು. ಅವರ ಕೈ ನನ್ನ ಬೆನ್ನ ಮೇಲೆ ಬಂತು.

ನಾನು ಆ ಕಾಲನ್ನು ಮೆಲ್ಲಗೆ ಕೆಳಗಿಟ್ಟು, ಮಗಳನ್ನು ಎಳೆದುಕೊಂಡು, ಕೆನ್ನೆಗೆ ಮುತ್ತು ಕೊಟ್ಟೆ. ಅವಳು ಗಾಬರಿಯಿಂದ ಕೆನ್ನೆ ಮುಟ್ಟಿ ನೋಡಿಕೊಂಡಳು. ಇನ್ನೊಂದು ಕೆನ್ನೆಗೂ ಕೊಟ್ಟೆ. ಸ್ವಲ್ಪ ಹೊತ್ತು ವಿಚಾರ ಮಾಡಿ, ಮತ್ತೆ ಕಾಲು ಮೇಲೆತ್ತಿ, ಫ್ರಾಕನ್ನು ಬಾಯಿಗೆ ಅಡ್ಡ ಹಿಡಿಯುವುದನ್ನೇ ಮರೆತು, ಬರಿಬಾಯಿಂದ ಕೇಳಿದಳು: "ಇದಕ್ಕ?"

ಅದಕ್ಕೂ ಕೊಟ್ಟೆ.